ಈ ಮಳೆಗಾಲದ ನನ್ನ ಓದು

ಪುಸ್ತಕ ಮುಗಿಸಿದ ದಿನವೇ ಅದರ ಬಗ್ಗೆ ಬರೆಯುವುದು ನನ್ನಿಂದಾಗುವುದಿಲ್ಲ. ಒಂದು ವಾರ ಬಿಡುತ್ತೇನೆ. ಆಮೇಲೂ ಯಾರು ತಲೆಯಲ್ಲಿ ಓಡಾಡುತ್ತಿರುತ್ತಾರೋ ಅವರ ಬಗ್ಗೆ ಮಾತ್ರ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ನಾಲ್ಕು ಸಾಲು. ಲೈಬ್ರರಿ ಪುಸ್ತಕವಾದರೆ ನೋಟ್‌ಬುಕ್ಕಿನಲ್ಲಿ. ಬೈಸಿಕೊಳ್ಳುವುದು ಯಾರಿಗೆ ಬೇಕು!

ನಮ್ಮ ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯಲೂ ಮಳೆ ಬಿಡುವು ಕೊಡುವುದಿಲ್ಲ. ಕರೆಂಟೂ ಇರುವುದಿಲ್ಲ. ದಪ್ಪ ಪುಸ್ತಕಕ್ಕೆ ಅದೇ ಕಾಲ. ಈ ಸಲ ಹಿಡಿದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, 1967ರ ಕಾದಂಬರಿ. ಶುರು ಮಾಡಿ ಅರ್ಧಕ್ಕೇ ಕೈಬಿಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾರು ಯಾವ ಮನೆಯವರು ಅನ್ನುವುದೇ ನೆನಪಿನಲ್ಲಿ ಉಳಿಯುವುದಿಲ್ಲ, ಅಲ್ವಾ? ಅದಕ್ಕೆ ನಾನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದೊಂದು ಮನೆಗೂ ಒಂದು ಚೌಕ ಬರೆದೆ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಮೇಲೆ ಮನೆಯವರ ಹೆಸರು, ಕೆಳಗೆ ಆಳುಗಳ ಹೆಸರು. ಯಾರಾದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದರೆ ಒಂದು ಗೆರೆ.

ಹಾಳೆ ತುಂಬುತ್ತಾ ಬಂದ ಹಾಗೆ ಗಮನಕ್ಕೆ ಬಂತು. ಜಾಸ್ತಿ ಗೆರೆ ಇದ್ದದ್ದು ನಾಯಿಗುತ್ತಿಯ ಹೆಸರಿನಲ್ಲಿ. ತಾನು ಮೆಚ್ಚಿದ ತಿಮ್ಮಿಗೋಸ್ಕರ ಹೊರಟ ಆಳು ಅವನು, ಹಿಂದೆ ಅವನ ನಾಯಿ ಹುಲಿಯ. ಗೌಡರುಗಳು ಹೆಚ್ಚಾಗಿ ತಮ್ಮ ಚೌಕದಲ್ಲೇ ಕೂತಿದ್ದಾರೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಕುವೆಂಪು ಮೊದಲಿಗೇ ಹೇಳಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಅದು ಆ ಹಾಳೆ ನೋಡಿದಾಗ ಸರಿಯಾಗಿ ಹಿಡಿಸಿತು. ಕಾಡಿನ ವರ್ಣನೆ ಅತಿಯಾಯಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಏರು, ಇಳುಕಲು, ಹಳ್ಳ, ಇಂಬಳ (ಜಿಗಣೆ) ಎಲ್ಲ ದಾಟಿ ನಡೆಯುವುದೇ ಅಲ್ಲಿ ಅರ್ಧ ಕತೆ. ಪಾದ್ರಿ ಬರುವ ಭಾಗಗಳು ಮಾತ್ರ ಸ್ವಲ್ಪ ಎಳೆದ ಹಾಗೆ ಅನ್ನಿಸಿದವು. ಹುಲಿಯನಿಗೆ ಏನಾಯಿತು ಅಂತ ಬರೆಯುವುದಿಲ್ಲ, ಓದದವರು ಓದಲಿ.

ನಡುವೆ ತೇಜಸ್ವಿಯವರ ‘ಕರ್ವಾಲೊ’ ಮತ್ತೊಮ್ಮೆ ಆಯಿತು. ಹಾರುವ ಓತಿಯ ಕತೆ ಅನ್ನುತ್ತಾರೆ, ನನಗೆ ಅದು ಹಳ್ಳಿಗ ಮಂದಣ್ಣನ ಕತೆ. ಅಷ್ಟೇ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಬೆಂಗಳೂರಿನ ಮನೆ, ಕೈಗೆ ದಿಢೀರ್ ದುಡ್ಡು ಬಂದವರು. ಇದಕ್ಕೆ ಹಾಳೆ, ಗೆರೆ ಏನೂ ಬೇಕಾಗಲಿಲ್ಲ. ಕತೆ ಹೇಳುವವನ ಚಿಕ್ಕಪ್ಪನನ್ನು ಕೇಳಿಕೊಂಡು ಒಬ್ಬ ಹೆಂಗಸು ಅಡುಗೆ ಮಾಡಿ ತಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮನೆಯ ಹೆಂಗಸರು ಬೈದು ಓಡಿಸುತ್ತಾರೆ. ವಾರ ಕಳೆದರೂ ಅವಳು ನನ್ನ ತಲೆಯಿಂದ ಹೋಗಲಿಲ್ಲ. ಕತೆ ಹೇಳುವವನ ಮೇಲೆ ನನಗೆ ಸಿಟ್ಟು ಇನ್ನೂ ಇದೆ. ಎಲ್ಲ ನೋಡುತ್ತಾನೆ, ಬಾಯಿ ಬಿಡುವುದಿಲ್ಲ. ಕೊನೆಯನ್ನು ಹಾಗೆ ಬಿಟ್ಟದ್ದೇ ಚೆಂದ ಅನ್ನುವವರಿದ್ದಾರೆ. ನನಗಂತೂ ಇನ್ನೆರಡು ಪುಟ ಬೇಕಿತ್ತು.