ತಮ್ಮನ ಮನೆಗೆ ಕಾಗದದ ತಲಬಾಗಿಲು

ಕಳೆದ ವೈಶಾಖದಲ್ಲಿ ವಿಜಯಪುರದ ಸೋಲಾಪುರ ರಸ್ತೆಯ ಕಡೆಗೆ ನನ್ನ ತಮ್ಮ ಕಟ್ಟಿಸಿದ ಮನೆಯ ವಾಸ್ತುಶಾಂತಿ ನಡೆಯಿತು. ಆಹೇರಿಯ ಲಕೋಟೆಯ ಜೊತೆಗೆ ನನ್ನ ಕೈಯಾರೆ ಮಾಡಿದ ಒಂದು ಶುಭಾಶಯ ಪತ್ರವನ್ನೂ ಕೊಡಬೇಕೆಂದು ಎರಡು ವಾರ ಮೊದಲೇ ನಿಶ್ಚಯಿಸಿದ್ದೆ. ಗಾಂಧಿ ಚೌಕದ ಅಂಗಡಿಗಳಲ್ಲಿ ಸಿಗುವ ಪತ್ರಗಳ ಮೇಲಿನ ಮನೆಗಳಿಗೆ ಇಳಿಜಾರು ಚಾವಣಿಯೂ ಅದರ ಮೇಲೊಂದು ಹೊಗೆಗೂಡೂ ಇರುತ್ತವೆ. ನಮ್ಮ ಕಡೆಯ ಮನೆ ಹಳೆಯದಾದರೆ ಮೇಲ್ಮುದ್ದೆಯದು, ಹೊಸದಾದರೆ ಸ್ಲ್ಯಾಬಿನದು, ಎರಡೂ ಸಪಾಟು. ಆದ್ದರಿಂದ ಸಪಾಟು ಚಾವಣಿ, ಬಾಗಿಲ ಎರಡೂ ಬದಿಗೆ ಕಟ್ಟೆ, ಮೇಲೆ ಮಾವಿನೆಲೆಯ ತೋರಣ, ನಡುವೆ ತೆರೆದು ಮುಚ್ಚುವ ಬಾಗಿಲು ಇರುವ ಮನೆಯೊಂದನ್ನು ಕಾಗದದಲ್ಲಿ ಕತ್ತರಿಸಲು ಕುಳಿತೆ.

ಸಾಮಾನು ಹೆಚ್ಚಿರಲಿಲ್ಲ. ತುದಿ ಚೂಪಾದ ಬ್ಲೇಡಿನ ಪೆನ್ ಕಟರ್, ಒಂದು ಸ್ಟೀಲ್ ಪಟ್ಟಿ, ಸಣ್ಣ ಕತ್ತರಿ, ಕಟಿಂಗ್ ಮ್ಯಾಟ್, ಶಾಯಿ ತೀರಿದ ಬಾಲ್‌ಪೆನ್ನು, ಫೆವಿಕಾಲ್ ಮತ್ತು ಎರಡೂ ಕಡೆ ಅಂಟುವ ಫೋಮ್ ಟೇಪು. ಮೊದಲೆಲ್ಲ ನಾನು ಹಳೆಯ ರಟ್ಟಿನ ಮೇಲಿಟ್ಟು ಕತ್ತರಿಸುತ್ತಿದ್ದೆ. ರಟ್ಟಿನಲ್ಲಿ ಹಿಂದಿನ ಗೀರುಗಳು ಉಳಿದಿರುತ್ತವೆ. ಬ್ಲೇಡು ನಮ್ಮ ಗೆರೆಯನ್ನು ಬಿಟ್ಟು ಆ ಗೀರನ್ನೇ ಹಿಡಿದು ಓಡುತ್ತದೆ. ಉಳಿದ ಯಾವುದಕ್ಕೆ ಜುಗ್ಗತನ ಮಾಡಿದರೂ ಮ್ಯಾಟಿಗೆ ಮತ್ತು ಹೊಸ ಬ್ಲೇಡಿಗೆ ಮಾಡಬಾರದು.

ಬಟ್ಟೆಗೆ ಇರುವಂತೆ ಕಾಗದಕ್ಕೂ ಎಳೆ ಇರುತ್ತದೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆಗೆ ಸಲೀಸಾಗಿ ಬಾಗುತ್ತದೆಯೋ ಆ ಮಡಿಕೆ ಎಳೆಗುಂಟ ಬಂತೆಂದು ತಿಳಿಯಬೇಕು. ಎಳೆಗೆ ಅಡ್ಡವಾಗಿ ಮಡಚಿದರೆ ದಪ್ಪ ಕಾಗದ ಬಿರಿದು ಮಡಿಕೆಯುದ್ದಕ್ಕೂ ಬಿಳಿ ನಾರು ಕಾಣಿಸುತ್ತದೆ. 210×297 ಮಿ.ಮೀ. ಅಳತೆಯ ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಇರುವುದರಿಂದ, ಅವನ್ನು ನಡುವೆ ಮಡಚಿದಾಗ ಮಡಿಕೆ ಅಡ್ಡವೇ ಬೀಳುತ್ತದೆ. ಹೀಗಾಗಿ 250 ಜಿಎಸ್‌ಎಂನ (ಚದರ ಮೀಟರಿಗೆ 250 ಗ್ರಾಂ ತೂಗುವ) ದೊಡ್ಡ ಹಾಳೆಯನ್ನೇ ತಂದು, ಎಳೆ ನೋಡಿ, ಅದೇ ಅಳತೆಗೆ ಕತ್ತರಿಸಿದೆ. ಪಟ್ಟಿಯಿಟ್ಟು ಒಣ ಬಾಲ್‌ಪೆನ್ನಿನಿಂದ ಎರಡು ಸಲ ಒತ್ತಿ ಗೆರೆ ಎಳೆದು, ಮಡಚಿ, ಮೇಲೆ ಚಮಚೆಯ ಬೆನ್ನಿನಿಂದ ತೀಡಿದಾಗ ಮಡಿಕೆ ಇಸ್ತ್ರಿ ಮಾಡಿದಂತೆ ಕುಳಿತಿತು.

ನಿಜವಾದ ಪೇಚು ಅಕ್ಷರಗಳಲ್ಲಿತ್ತು. ಮನೆಯ ಮೇಲೆ ‘ವಾಸ್ತುಶಾಂತಿಯ ಶುಭಾಶಯಗಳು’ ಎಂದು ಕೊರೆಯಬೇಕೆಂಬುದು ನನ್ನ ಆಸೆ. ಅಕ್ಷರಗಳನ್ನು ತೂತಾಗಿ ಕೊರೆದರೆ ‘ವ’ಕಾರದ ಹೊಟ್ಟೆಯೂ ಸೊನ್ನೆಯ ನಡುವಿನ ಬೊಟ್ಟೂ ಕಳಚಿ ಬೀಳುತ್ತವೆ. ಅಕ್ಷರಗಳನ್ನು ಉಳಿಸಿ ಸುತ್ತಲಿನ ಕಾಗದವನ್ನು ತೆಗೆದರೆ ‘ಸ್ತು’ವಿನ ಒತ್ತೂ ‘ಶಾಂ’ದ ಸೊನ್ನೆಯೂ ಯಾವುದಕ್ಕೂ ಅಂಟಿಕೊಳ್ಳದೆ ಬೇರೆಯಾಗುತ್ತವೆ. ಮೊದಲ ಯತ್ನದಲ್ಲಿ ಕಳಚಿದ ಚೂರುಗಳನ್ನು ಆಮೇಲೆ ಅಂಟಿಸೋಣವೆಂದು ಬದಿಗೆ ಇಟ್ಟಿದ್ದೆ. ಫ್ಯಾನಿಲ್ಲದೆ ಕುಳಿತುಕೊಳ್ಳಲಾಗದ ಬೇಸಿಗೆ. ಕರೆಂಟು ಹೋಗಿ ಮರಳಿ ಬಂದೊಡನೆ ಆ ಚೂರುಗಳೆಲ್ಲ ಪಡಸಾಲೆಯ ತುಂಬ ಹಾರಿದವು. ಒಂದು ಸೊನ್ನೆ ಇನ್ನೂ ಸಿಕ್ಕಿಲ್ಲ.

ಈ ಗಂಟು ಬಿಚ್ಚಿದ್ದು ಇಬ್ರಾಹಿಂ ರೋಜಾದಲ್ಲಿ. ಊರಿಗೆ ಬಂದ ಅತಿಥಿಗಳನ್ನು ಕರೆದುಕೊಂಡು ಹೋಗಿ ಹೋಗಿ ನಮಗೆ ಅದು ನೋಡಿಯೂ ನೋಡದಂತಾಗಿದೆ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆ ಸಮಾಧಿಯ ಗೋಡೆಗಳಲ್ಲಿ ಅರಬಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲುಗಳಿವೆ. ಅಕ್ಷರ ಕಲ್ಲಾಗಿ ಉಳಿದು, ಅಕ್ಷರಗಳ ನಡುವಿನ ಜಾಗದಿಂದ ಬೆಳಕು ಒಳಗೆ ಬರುತ್ತದೆ. ಆ ಬರಹವನ್ನು ಓದಲು ನನಗೆ ಬಾರದು. ಓದಲು ಬಾರದ್ದರಿಂದಲೇ ಇರಬೇಕು, ಕಣ್ಣು ಅರ್ಥದ ಕಡೆಗೆ ಹೋಗದೆ ಗೆರೆಗಳು ಎಲ್ಲಿ ಕೂಡುತ್ತವೆ ಎಂಬುದರ ಮೇಲೆಯೇ ನಿಂತಿತು. ಅಲ್ಲಿ ಒಂದು ಅಕ್ಷರವೂ ಒಂಟಿಯಾಗಿ ನಿಂತಿಲ್ಲ. ಪಕ್ಕದ ಅಕ್ಷರವನ್ನೋ ಚೌಕಟ್ಟನ್ನೋ ತಾಗಿಯೇ ಇದೆ.

ಮನೆಗೆ ಬಂದು ಸಾಲುಗಳ ಮೇಲೆ ಕೆಳಗೆ 4 ಮಿ.ಮೀ. ಅಗಲದ ಪಟ್ಟಿಗಳನ್ನು ಬಿಟ್ಟು ಅವುಗಳ ನಡುವೆ ಅಕ್ಷರಗಳನ್ನು ಹೊಸದಾಗಿ ಬರೆದೆ. ತಲೆಕಟ್ಟುಗಳನ್ನು ಮೇಲಿನ ಪಟ್ಟಿಗೆ ತಾಗುವವರೆಗೆ ಎತ್ತರಿಸಿ, ‘ತ’ ಒತ್ತನ್ನು ಕೆಳಗಿನ ಪಟ್ಟಿಯಲ್ಲಿ ಊರಿಸಿ, ಸೊನ್ನೆಯನ್ನು ‘ಶಾ’ ಮತ್ತು ‘ತಿ’ಗಳ ನಡುವೆ ಎರಡಕ್ಕೂ ತಾಗುವಂತೆ ಸಿಕ್ಕಿಸಿದೆ. ಅಕ್ಷರಗಳು ತುಸು ಇಕ್ಕಟ್ಟಾದವು. ಆದರೆ ಎತ್ತಿ ಹಿಡಿದರೆ ಇಡೀ ಸಾಲು ಒಂದೇ ತುಂಡಾಗಿ ಬಂತು.

ಗೆರೆಗಳನ್ನು ಹಾಳೆಯ ಹಿಂಬದಿಗೆ ಕನ್ನಡಿಯಲ್ಲಿ ಕಂಡಂತೆ ತಿರುಮುರುವಾಗಿ ಬರೆದುಕೊಂಡರೆ ಪೆನ್ಸಿಲಿನ ಗುರುತು ಮುಂದೆ ಕಾಣುವುದಿಲ್ಲ. ಕತ್ತರಿಸುವಾಗ ಒಳಗಿನ ಅತಿ ಸಣ್ಣ ತೂತಿನಿಂದ ಆರಂಭಿಸಿ ಹೊರ ಅಂಚನ್ನು ಕಟ್ಟಕಡೆಗೆ ಮುಟ್ಟಬೇಕು, ಏಕೆಂದರೆ ಒಂದೊಂದು ತುಂಡು ತೆಗೆದಂತೆಲ್ಲ ಕಾಗದದ ಬಲ ಕುಂದುತ್ತದೆ. ಮೂಲೆ ಬಂದಾಗ ಗೆರೆಯನ್ನು ಮೂಲೆಯಲ್ಲಿ ಮುಗಿಸದೆ ಮೂಲೆಯಿಂದಲೇ ಹೊರಡಿಸುತ್ತೇನೆ. ಬ್ಲೇಡು ಹೆಚ್ಚಿಗೆ ಓಡುವ ಭಯವಿಲ್ಲ. ದುಂಡು ಗೆರೆಗೆ ಕೈಯನ್ನು ಹಾಗೆಯೇ ಇಟ್ಟು ಎಡಗೈಯಿಂದ ಕಾಗದವನ್ನು ತಿರುಗಿಸುವುದು, ರೊಟ್ಟಿ ಬಡಿಯುವಾಗ ರೊಟ್ಟಿಯೇ ತಿರುಗಿದಂತೆ.

ತೋರಣ ಸುಲಭ. ಹಸಿರು ಗ್ಲೇಜ್ ಕಾಗದವನ್ನು ನಾಲ್ಕು ಪದರಾಗಿ ಮಡಚಿ ಎಲೆಗಳನ್ನು ಕತ್ತರಿಸಿ, ಊದಿನಕಡ್ಡಿಯ ತುದಿಯಿಂದ ಫೆವಿಕಾಲ್ ಚುಕ್ಕೆಯಿಟ್ಟು ಅಂಟಿಸಿದೆ. ಅಂಟು ಹೆಚ್ಚಾದರೆ ಕಾಗದ ನೀರು ಕುಡಿದು ಹಪ್ಪಳದಂತೆ ಮುದುಡುತ್ತದೆ. ಮನೆಯ ಮುಂಭಾಗಕ್ಕೆ ಮಾತ್ರ ಹಿಂದೆ ಫೋಮ್ ಟೇಪು ಹಚ್ಚಿದ್ದರಿಂದ ಅದು ಎರಡು ಮಿ.ಮೀ. ಮೇಲೆದ್ದು, ಅಕ್ಷರಗಳ ನೆರಳು ಹಿಂದಿನ ಬಿಳಿಯ ಮೇಲೆ ಬಿತ್ತು. ಬಾಗಿಲ ಹಿಂದೆ, ಉಕ್ಕುವ ಹಾಲಿನ ಪಾತ್ರೆಯ ಚಿತ್ರ.

ಪೂಜೆಯ ದಿನ ತಮ್ಮನ ಹೆಂಡತಿ ಪತ್ರವನ್ನು ಕೈಗೆ ತೆಗೆದುಕೊಂಡು, “ಅಕ್ಕಾರ, ಇದನ್ನ ಮಷಿನ್‌ನ್ಯಾಗ ಮಾಡಿಸೀರೇನ್ರಿ?” ಎಂದಳು. ಹೊಗಳಿಕೆಯೋ ಏನೋ ಎಂದು ಈಗಲೂ ತಿಳಿದಿಲ್ಲ. ಅವರ ಮಗಳಂತೂ ಹಾಲಿನ ಪಾತ್ರೆ ನೋಡಲು ಊಟದ ಪಂಕ್ತಿ ಏಳುವವರೆಗೂ ಆ ಬಾಗಿಲನ್ನು ತೆರೆದಳು, ಮುಚ್ಚಿದಳು. ಸಂಜೆಗೆ ಬಾಗಿಲು ಮಡಿಕೆಯಲ್ಲಿ ಬಿರಿದು ಅರ್ಧ ಜೋತುಬಿದ್ದಿತ್ತು. ತಪ್ಪು ನನ್ನದೇ: ಕೆಳಗಿನ ದಪ್ಪ ಹಾಳೆಯ ಎಳೆ ನೋಡಿದವಳು, ಬಾಗಿಲಿದ್ದ ಬಣ್ಣದ ಹಾಳೆಯನ್ನು ಎ4ದ ಅರ್ಧದಿಂದ ಹಾಗೆಯೇ ತೆಗೆದಿದ್ದೆ. ಪತ್ರವನ್ನು ಮನೆಗೆ ತಂದು, ಹಳೆಯ ಇಳಕಲ್ ಸೀರೆಯ ಕೆಂಪು ಅಂಚಿನಿಂದ 5 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಬಾಗಿಲ ಹಿಂದೆ ಬಿಜಾಗರಿಯಂತೆ ಅಂಟಿಸಿ ಮರುವಾರ ಹಿಂದಿರುಗಿಸಿದೆ. ಈಗ ಅದು ಅವರ ಟಿವಿಯ ಪಕ್ಕದಲ್ಲಿದೆ. ಬಾಗಿಲು ಇನ್ನೂ ದಿನಾಲೂ ತೆರೆಯುತ್ತಿದೆಯಂತೆ.