ಡೀಸೆಲ್ ಪಿಕಪ್‌ನ ಇಜಿಆರ್ ವಾಲ್ವ್: ಮುಚ್ಚದೆ ಶುಚಿಗೊಳಿಸುವ ಕ್ರಮ

ಬಿಎಸ್-4 ಕಾಲದ ಡೀಸೆಲ್ ಪಿಕಪ್ ಏರಿನಲ್ಲಿ ಎಳೆತ ಕಳೆದುಕೊಂಡು ಕಪ್ಪು ಹೊಗೆ ಬಿಡತೊಡಗಿದಾಗ, ಇಜಿಆರ್ (ಸುಟ್ಟ ಅನಿಲವನ್ನು ಮತ್ತೆ ಎಂಜಿನ್ನಿಗೆ ಕಳುಹಿಸುವ ವ್ಯವಸ್ಥೆ) ಕೊಳವೆಗೆ ತಗಡಿನ ಪ್ಲೇಟ್ ಹಾಕಿ ಮುಚ್ಚಿಬಿಡುವ ಸಲಹೆ ಸುಲಭವಾಗಿ ಸಿಗುತ್ತದೆ. ಅದನ್ನು ಒಪ್ಪಬಾರದು. ಸುಟ್ಟ ಅನಿಲದ ಒಂದು ಪಾಲನ್ನು ತಣಿಸಿ ಮತ್ತೆ ಸಿಲಿಂಡರಿಗೆ ಕಳುಹಿಸುವುದರಿಂದ ದಹನದ ಗರಿಷ್ಠ ಉಷ್ಣತೆ ಇಳಿದು, ಶ್ವಾಸಕೋಶಕ್ಕೆ ಹಾನಿಕರವಾದ ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಹುಟ್ಟುತ್ತವೆ. ಹೊಗೆ ತಪಾಸಣೆಯಲ್ಲಿ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುವುದರಿಂದ ಪ್ಲೇಟ್ ಹಾಕಿದ ಗಾಡಿಗೂ ಪ್ರಮಾಣಪತ್ರ ಸಿಕ್ಕೀತು. ಆದರೆ ಕಣ್ಣಿಗೆ ಕಾಣದ ಆ ಅನಿಲ ಹಿಂದೆ ಬರುವ ಬೈಕ್ ಸವಾರನ ಉಸಿರಿಗೆ ಸೇರುತ್ತದೆ. ತಯಾರಕರು ಕೊಟ್ಟ ರಚನೆಯನ್ನು ಹೀಗೆ ಬದಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೂ ವಿರುದ್ಧ.

ನಿಜವಾದ ತೊಂದರೆ ಸಾಮಾನ್ಯವಾಗಿ ಮಸಿಯದು. ಎಂಜಿನ್ನಿನ ಎಣ್ಣೆಯ ಆವಿಯೊಂದಿಗೆ ಬೆರೆತ ಮಸಿ ಅಂಟಾಗಿ ಕೂತು ವಾಲ್ವ್ ಅನ್ನು ಹಿಡಿದುಬಿಡುತ್ತದೆ. ವಾಲ್ವ್ ತೆರೆದೇ ಉಳಿದರೆ ಕಪ್ಪು ಹೊಗೆ, ಮಂದ ಎಳೆತ. ಮುಚ್ಚಿಯೇ ಉಳಿದರೆ ಹೆಚ್ಚು ನೈಟ್ರೋಜನ್ ಆಕ್ಸೈಡ್. ಎಂಜಿನ್ನಿನ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0401 ಬಂದರೆ ಅನಿಲದ ಹರಿವು ಸಾಲದು, ಪಿ0402 ಬಂದರೆ ಅತಿಯಾಗಿದೆ ಎಂದರ್ಥ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ವಾಲ್ವ್‌ಗೆ ಬರುವ ಕನೆಕ್ಟರ್ ಅಥವಾ ವ್ಯಾಕ್ಯೂಮ್ ಪೈಪನ್ನು ಕಳಚಿಡಿ. ಹಳೆಯ ಬೋಲ್ಟ್‌ಗಳು ಬಿಸಿಗೆ ಹಿಡಿದುಕೊಂಡಿರುತ್ತವೆ; ಒಮ್ಮೆಲೇ ಬಲ ಹಾಕಿದರೆ ಮುರಿಯುವುದರಿಂದ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಸ್ವಲ್ಪ ಹೊತ್ತು ಬಿಟ್ಟು ನಿಧಾನವಾಗಿ ಸಡಿಲಿಸಿ. ಹೊರತೆಗೆದ ವಾಲ್ವ್‌ನ ಮಸಿ ಕೂತ ಭಾಗಕ್ಕೆ ಮಾತ್ರ ಕಾರ್ಬನ್ ಕ್ಲೀನರ್ ಹಾಕಿ ನೈಲಾನ್ ಬ್ರಷ್‌ನಿಂದ ಉಜ್ಜಿ. ಮೋಟಾರ್ ಮತ್ತು ಸೆನ್ಸರ್ ಇರುವ ಮೇಲ್ಭಾಗ ಒದ್ದೆಯಾಗದಂತೆ ವಾಲ್ವ್ ಅನ್ನು ತಲೆಕೆಳಗಾಗಿಸದೆ ಹಿಡಿಯಬೇಕು. ಇಡೀ ವಾಲ್ವ್ ಅನ್ನು ದ್ರಾವಣದಲ್ಲಿ ಮುಳುಗಿಸಿಟ್ಟರೆ ಅದು ಕೆಟ್ಟುಹೋಗಬಹುದು. ವಾಲ್ವ್ ಕೂರುವ ಅಂಚಿಗೆ ತಂತಿ ಬ್ರಷ್ ತಾಗಿಸಬೇಡಿ, ಗೀರು ಬಿದ್ದರೆ ಅಲ್ಲಿಂದಲೇ ಅನಿಲ ಸೋರುತ್ತದೆ. ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನ ಬಾಯಿಯಲ್ಲಿ ಕೆರೆದ ಮಸಿ ಎಂಜಿನ್ನಿನೊಳಗೆ ಬೀಳದಂತೆ ಬಟ್ಟೆ ತುರುಕಿ, ಕೆಲಸ ಮುಗಿದೊಡನೆ ಮರೆಯದೆ ತೆಗೆಯಿರಿ. ಈ ಕೆಲಸವನ್ನು ಗಾಳಿಯಾಡುವ ಜಾಗದಲ್ಲಿ, ಕೈಗವಸು, ಕನ್ನಡಕ ಧರಿಸಿಯೇ ಮಾಡಬೇಕು.

ಕೂಲಂಟ್ ಕಾರಣವಿಲ್ಲದೆ ಇಳಿಯುತ್ತ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಸುಟ್ಟ ಅನಿಲವನ್ನು ತಣಿಸುವ ಇಜಿಆರ್ ಕೂಲರ್ ಸೋರುತ್ತಿರುವ ಸಾಧ್ಯತೆ ಇದೆ. ಅದನ್ನು ಶುಚಿಗೊಳಿಸಿ ಪ್ರಯೋಜನವಿಲ್ಲ, ಬದಲಿಸಬೇಕು.

ಮರುಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ಬೋಲ್ಟ್‌ಗಳನ್ನು ಬಿಗಿಗೊಳಿಸಿ. ಬಳಿಕ ಸ್ಕ್ಯಾನರ್‌ನಲ್ಲಿ ಹಳೆಯ ಕೋಡ್ ಅಳಿಸಿ, ಹೊರೆಯೊಂದಿಗೆ ಗಾಡಿಯನ್ನು ಸ್ವಲ್ಪ ದೂರ ಓಡಿಸಿ, ಕೋಡ್ ಮರಳಿದೆಯೇ, ಗ್ಯಾಸ್ಕೆಟ್ ಬಳಿ ಮಸಿಯ ಕಲೆ ಮೂಡಿದೆಯೇ ಎಂದು ನೋಡಿ. ಅದೇ ಕೋಡ್ ಮತ್ತೆ ಬಂದರೆ ವಾಲ್ವ್‌ನ ಮೋಟಾರ್, ವೈರಿಂಗ್ ಮತ್ತು ಗಾಳಿಯ ಹರಿವಿನ ಸೆನ್ಸರ್‌ಗಳನ್ನು ಪರೀಕ್ಷಿಸಬೇಕಾಗುತ್ತದೆ.