ಮೇಲೆ ಅರಬ್ಬಿ, ಕೆಳಗೆ ಹೀಬ್ರೂ: ಎರಡು ಪದ ಬೆಸೆದ ನನ್ನ ಅನುಭವ

ಅರಬ್ಬಿ ಬಲ್ಲವರಿಗೆ ಅಕ್ಷರದ ಮೇಲರ್ಧ ಕಂಡರೆ ಸಾಕು, ಹೀಬ್ರೂ ಬಲ್ಲವರಿಗೆ ಕೆಳಗಿನರ್ಧ. ಇಸ್ರೇಲಿನ ಲಿಪಿ ವಿನ್ಯಾಸಕಿ ಲಿರೊನ್ ಲವಿ ತುರ್ಕೆನಿಚ್ ಅವರ ‘ಅರಾವ್ರಿತ್’, ಅಂದರೆ ಅರಬ್ಬಿ ಅಕ್ಷರದ ಮೇಲರ್ಧಕ್ಕೆ ಹೀಬ್ರೂ ಅಕ್ಷರದ ಕೆಳಗಿನರ್ಧ ಬೆಸೆದ ಲಿಪಿ, ನಿಂತಿರುವುದು ಇದರ ಮೇಲೆಯೇ. ರೋಮನ್ ಅಕ್ಷರಗಳ ಮೇಲರ್ಧ ನೋಡಿಯೇ ಓದಬಹುದೆಂದು 19ನೇ ಶತಮಾನದಲ್ಲಿ ತೋರಿಸಿದ ಫ್ರೆಂಚ್ ಕಣ್ಣಿನ ವೈದ್ಯ ಎಮಿಲ್ ಜಾವಾಲ್ ಅವರಿಂದ ಹೊಳೆದ ದಾರಿ ಅದು. ಅರಬ್ಬಿಯ 29 ಅಕ್ಷರ, ಹೀಬ್ರೂವಿನ 22, ಗುಣಿಸಿದರೆ 638 ಜೋಡಿ. ಅಷ್ಟನ್ನೂ ಬರೆಯುವ ಬದಲು ನಾನು ಒಂದೊಂದೇ ಪದವನ್ನು ಬೆಸೆದೆ.

ಮೊದಲ ಕೆಲಸ ಪದದ ಆಯ್ಕೆ. ಎರಡೂ ಭಾಷೆಯಲ್ಲಿ ಅಕ್ಷರಗಳ ಎಣಿಕೆ ಹೊಂದಬೇಕು. ಸಲಾಮ್–ಶಾಲೋಮ್ (ಶಾಂತಿ) ನಾಲ್ಕಕ್ಕೆ ನಾಲ್ಕು. ಬೈತ್–ಬಯಿತ್ (ಮನೆ) ಮೂರಕ್ಕೆ ಮೂರು. ಪುಸ್ತಕಕ್ಕೆ ಅರಬ್ಬಿಯ ಕಿತಾಬ್‌ಗೆ ನಾಲ್ಕು, ಹೀಬ್ರೂವಿನ ಸೆಫೆರ್‌ಗೆ ಮೂರು. ಇಂಥದ್ದನ್ನು ಆರಂಭದಲ್ಲಿ ಮುಟ್ಟಬಾರದು. ಎರಡೂ ಲಿಪಿ ಬಲದಿಂದ ಎಡಕ್ಕೆ ಸಾಗುವುದರಿಂದ ದಿಕ್ಕಿನ ತೊಡಕಿಲ್ಲ.

ಗ್ರಾಫ್ ಹಾಳೆಯಲ್ಲಿ 12 ಚೌಕ ಎತ್ತರ ಹಿಡಿದು, ನಡುವೆ ಗೆರೆ ಎಳೆಯಿರಿ. ಮೇಲಿನ 6 ಅರಬ್ಬಿಗೆ, ಕೆಳಗಿನ 6 ಹೀಬ್ರೂಗೆ. ಅರಬ್ಬಿ ಅಕ್ಷರಗಳನ್ನು ಕೂಡಿಸುವ ಅಡ್ಡಗೆರೆ ಈ ನಡುಗೆರೆಯ ಮೇಲೇ ಬರುತ್ತದೆ. ಅದು ದಪ್ಪವಾದರೆ ಕೆಳಗಿನ ಹೀಬ್ರೂ ಅಕ್ಷರಕ್ಕೆ ಸೂರು ಹೊದಿಸಿದಂತಾಗಿ ಬೇರೆ ಅಕ್ಷರವಾಗಿಬಿಡುತ್ತದೆ. ಉಳಿದ ಗೆರೆ 1 ಚೌಕ ದಪ್ಪವಿದ್ದರೆ ಇದನ್ನು ಅರ್ಧ ಚೌಕಕ್ಕೆ ಇಳಿಸಿ.

ಸಲಾಮ್ ಪದದ ಮೊದಲ ಅಕ್ಷರ ಸೀನ್‌ನ (ಸ) ಮೂರು ಹಲ್ಲು ಹೀಬ್ರೂವಿನ ಶೀನ್‌ನ (ಶ) ಮೂರು ಕೈಗಳಿಗೆ ತಾವಾಗಿಯೇ ಇಳಿಯುತ್ತವೆ, ನೋಡುವುದಕ್ಕೇ ಸಂತೋಷ. ಲಾಮ್ (ಲ) ಮತ್ತು ಅಲಿಫ್ (ಆ) ಅರಬ್ಬಿಯಲ್ಲಿ ಕಡ್ಡಾಯವಾಗಿ ಬೆಸೆದುಕೊಳ್ಳಬೇಕು, ಆ ಬೆಸುಗೆಯನ್ನು ನಡುಗೆರೆಯಲ್ಲೇ ಮುಗಿಸಿ. ಅಲಿಫ್‌ನ ಕಂಬ ನೇರ ಇಳಿದು ಹೀಬ್ರೂವಿನ ವಾವ್ (ಇಲ್ಲಿ ‘ಓ’) ಆಗುತ್ತದೆ. ಅಡ್ಡಗೆರೆ ಮಾತ್ರ ಅಲಿಫ್ ದಾಟಿ ಎಡಕ್ಕೆ ಚಾಚಕೂಡದು: ವಾವ್ ಹೋಗಿ ಜಾಯಿನ್ ಎಂಬ ಬೇರೆ ಅಕ್ಷರ ಕಾಣುತ್ತದೆ, ಅರಬ್ಬಿಯೂ ತಪ್ಪುತ್ತದೆ, ಏಕೆಂದರೆ ಅಲಿಫ್ ಮುಂದಿನ ಅಕ್ಷರಕ್ಕೆ ಕೂಡುವುದೇ ಇಲ್ಲ. ಕೊನೆಯಲ್ಲಿ ಮೇಲೆ ಅರಬ್ಬಿ ಮೀಮ್‌ನ (ಮ) ದುಂಡು, ಕೆಳಗೆ ಹೀಬ್ರೂ ‘ಮ’, ಅಂದರೆ ಪದಾಂತ್ಯದ ಮೇಮ್‌ನ ಚೌಕ. ಕೆಳಗಿನ ಮೂಲೆಗಳನ್ನು ಮೊನಚಾಗಿಯೇ ಇಡಿ. ದುಂಡಗಾದರೆ ಅದು ಸಾಮೆಖ್ ಎಂಬ ಬೇರೆ ಅಕ್ಷರ.

ಬೈತ್ ಚಿಕ್ಕ ಪದ, ಆದರೆ ಹೆಚ್ಚು ಕಾಡುವುದು ಅದೇ. ಅರಬ್ಬಿಯ ಬಾ ಮತ್ತು ಯಾ ಇಲ್ಲಿ ಒಂದೇ ತರದ ಹಲ್ಲುಗಳು. ಗುರುತಿಸಲು ಇರುವುದು ಕೆಳಗಿನ ಚುಕ್ಕೆಗಳಷ್ಟೇ, ಅವು ಹೀಬ್ರೂ ಪಾಲಿನ ಜಾಗದಲ್ಲಿ ಬೀಳುತ್ತವೆ. ಅಡಿಗೆರೆಯ ಕೆಳಗಿಟ್ಟರೆ ಹೀಬ್ರೂ ಓದುಗ ಅವನ್ನು ಸ್ವರಚಿಹ್ನೆ ಎಂದುಕೊಳ್ಳುತ್ತಾನೆ: ಒಂದು ಚುಕ್ಕೆಯಾದರೆ ‘ಇ’, ಎರಡಾದರೆ ‘ಎ’. ಹಾಗಾಗಿ ಬಾದ ಚುಕ್ಕೆಯನ್ನು ಹೀಬ್ರೂವಿನ ಬೇತ್ ಅಕ್ಷರದ ಹೊಟ್ಟೆಯೊಳಗೆ ಇಟ್ಟೆ. ಹೀಬ್ರೂವಿನಲ್ಲಿ ಅದು ದಾಗೇಶ್, ‘ವ’ ಅಲ್ಲ ‘ಬ’ ಎಂದು ಹೇಳುವ ಚುಕ್ಕೆ, ಮತ್ತು ಬಯಿತ್‌ನಲ್ಲಿ ಅದು ಇರಲೇಬೇಕು. ಒಂದೇ ಚುಕ್ಕೆ ಎರಡೂ ಲಿಪಿಯಲ್ಲಿ ಸರಿ!

ಯಾದ ಕೆಳಗೆ ಬರುವ ಹೀಬ್ರೂವಿನ ಯೋದ್ ಮೂಲದಲ್ಲಿ ಮೇಲ್ಭಾಗದಲ್ಲೇ ತೂಗುವ ಪುಟ್ಟ ಅಕ್ಷರ, ಅದಕ್ಕೆ ಕೆಳಗಿನರ್ಧವೇ ಇಲ್ಲ. ಉದ್ದ ಮಾಡಿದರೆ ವಾವ್ ಆಗುತ್ತದೆ. ನಡುಗೆರೆಯಿಂದ 3 ಚೌಕಕ್ಕೆ ನಿಲ್ಲಿಸಿ, ಉಳಿದ 3 ಚೌಕದ ಖಾಲಿಯಲ್ಲಿ ಯಾದ ಎರಡು ಚುಕ್ಕೆ ಕೂರಿಸಿದೆ.

ಮುಗಿದ ಮೇಲೆ ಪರೀಕ್ಷೆ: ಕೆಳಭಾಗಕ್ಕೆ (ಬೈತ್‌ನಲ್ಲಿ ಚುಕ್ಕೆಗಳನ್ನು ಬಿಟ್ಟು) ಕಾಗದ ಮುಚ್ಚಿ ಅರಬ್ಬಿ ಬಲ್ಲವರಿಗೆ, ಮೇಲ್ಭಾಗ ಮುಚ್ಚಿ ಹೀಬ್ರೂ ಬಲ್ಲವರಿಗೆ, ಆಮೇಲೆ ಮುಚ್ಚದೆ ಇಬ್ಬರಿಗೂ. ಮುಚ್ಚಿದಾಗ ಓದಿ, ತೆರೆದಾಗ ತಡವರಿಸಿದರೆ ನಡುಗೆರೆ ಇನ್ನೂ ದಪ್ಪವಿದೆ ಎಂದರ್ಥ.